ರೊಟ್ಟಿ ಬಿಟ್ಟ ಆರು ದಿನ: ಆವರ್ತ ಕೀಟೋ ಆಹಾರದ ಶಕ್ತಿಲೆಕ್ಕ

ಕಳೆದ ಬೇಸಿಗೆಯಲ್ಲಿ ಶಹಾಬಾದ್ ಪಕ್ಕದ ಭಂಕೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯೊಡನೆ ಮನೆಗೆ ಬಂದಿದ್ದ. ಮಗ ಜಿಮ್‌ನಲ್ಲಿ ಭಾರ ಎತ್ತುತ್ತಾನೆ. ತಂದೆ ಗಣಿಯಲ್ಲಿ ಹಾಸುಗಲ್ಲು, ಅಂದರೆ ನಮ್ಮ ಕಡೆ ಫರ್ಸಿ ಎನ್ನುವ ಕಲ್ಲು, ಎತ್ತುತ್ತಾರೆ. ಇಬ್ಬರ ನಡುವೆ ಜಗಳ ರೊಟ್ಟಿಯದು. ಮೈಯ ಕೊಬ್ಬು ಕರಗಿಸಲು ಹುಡುಗ ಸೋಮವಾರದಿಂದ ಶನಿವಾರದವರೆಗೆ ರೊಟ್ಟಿ, ಅನ್ನ, ಬೇಳೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ತತ್ತಿ, ಪನೀರ್, ಶೇಂಗಾ, ಬೆಣ್ಣೆ ಇಷ್ಟೇ ಆಹಾರ. ಭಾನುವಾರ ಮಾತ್ರ ಹೊಟ್ಟೆ ತುಂಬ ರೊಟ್ಟಿ ಮತ್ತು ಅನ್ನ. ಎರಡನೆಯ ವಾರದ ಗುರುವಾರ ಜಿಮ್‌ನಲ್ಲಿ ತಲೆ ಸುತ್ತಿ ಕುಸಿದು ಕುಳಿತಿದ್ದ.

"ಮೊದಲ ಆರು ದಿನದಾಗ ಮೂರು ಕಿಲೊ ಇಳಿದೀನ್ರಿ ಸರ್. ಒಂದ ಐತವಾರ ಉಂಡೀನಿ, ಸೋಮವಾರ ನೋಡಿದ್ರ ಎರಡು ಕಿಲೊ ವಾಪಸ್ ಬಂದಾವ್ರಿ" ಎಂದ. ಅದನ್ನು ಕಂಡು ಗಾಬರಿಯಾಗಿ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದನಂತೆ. ತಂದೆಯ ಪ್ರಶ್ನೆ ಬೇರೆ: "ರೊಟ್ಟಿ ಬಿಟ್ಟು ಕಲ್ಲು ಹ್ಯಾಂಗ ಎತ್ತಾದ್ರಿ? ನಾ ಮೂವತ್ತು ವರ್ಷ ರೊಟ್ಟಿ ತಿಂದೇ ಎತ್ತೀನಿ."

ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟ್ರು. ತಲೆಸುತ್ತಿಗೆ ಮೊದಲು ವೈದ್ಯರನ್ನು ನೋಡಲು ಹೇಳಿದೆ. ಆದರೆ ಇಬ್ಬರ ಪ್ರಶ್ನೆಗಳಲ್ಲೂ ರಾಶಿ ಮತ್ತು ಶಕ್ತಿಯ ಲೆಕ್ಕವಿತ್ತು. ಕಾಗದ ತೆಗೆದುಕೊಂಡು ಕುಳಿತೆವು.

ಮೂರು ಕಿಲೊ ಏನು?

ದೇಹದ ಒಂದು ಕಿಲೊಗ್ರಾಮ್ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7700 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. ಇಳಿದ ಮೂರು ಕಿಲೊ ಪೂರ್ತಿ ಕೊಬ್ಬೇ ಆಗಿದ್ದರೆ 23,100 ಕಿಲೊಕ್ಯಾಲರಿ ಖರ್ಚಾಗಿರಬೇಕು. ಆರು ದಿನಕ್ಕೆ ಭಾಗಿಸಿದರೆ ದಿನಕ್ಕೆ 3850. ಹುಡುಗನ ತೂಕ, ವಯಸ್ಸು, ವ್ಯಾಯಾಮ ಎಲ್ಲ ಸೇರಿಸಿ ನೋಡಿದರೂ ಅವನ ದಿನದ ಒಟ್ಟು ಖರ್ಚು 2700ರ ಆಸುಪಾಸು. ಅಂದರೆ ಆರು ದಿನವೂ ಉಪವಾಸವೇ ಇದ್ದಿದ್ದರೂ ಅಷ್ಟು ಕೊಬ್ಬು ಕರಗುತ್ತಿರಲಿಲ್ಲ. ಅವನಾದರೋ ಬೆಣ್ಣೆ ತಿನ್ನುತ್ತಿದ್ದ! ಹಾಗಾದರೆ ಹೋದದ್ದು ಏನು?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳವನ್ನು ಎರಡು ಕಡೆ ಇಡುತ್ತಿದ್ದರು. ದಿನದ ಖರ್ಚಿನದು ಅಡುಗೆಮನೆಯ ಗಡಿಗೆಯಲ್ಲಿ, ವರ್ಷದ್ದು ನೆಲದೊಳಗಿನ ಹಗೇವಿನಲ್ಲಿ. ದೇಹವೂ ಹೀಗೆಯೇ ಮಾಡುತ್ತದೆ. ಗಡಿಗೆ ಎಂದರೆ ಗ್ಲೈಕೊಜೆನ್. ಇದು ಗ್ಲೂಕೋಸ್ ಅಣುಗಳ ಕವಲೊಡೆದ ಸರಪಣಿ. ಸ್ನಾಯುಗಳಲ್ಲಿ ಸುಮಾರು 400 ಗ್ರಾಮ್, ಯಕೃತ್ತಿನಲ್ಲಿ ಸುಮಾರು 100 ಗ್ರಾಮ್ ಇರುತ್ತದೆ. ಹಗೇವು ಎಂದರೆ ಕೊಬ್ಬು. ತೆಳ್ಳಗಿರುವವರಲ್ಲೂ ಹತ್ತು ಕಿಲೊ ಇದ್ದೀತು. ವ್ಯತ್ಯಾಸವೇನೆಂದರೆ ಕೊಬ್ಬು ಬಹುಮಟ್ಟಿಗೆ ಒಣ ಸರಕು, ಗ್ಲೈಕೊಜೆನ್ ತೊಯ್ದ ಸರಕು. ಒಂದು ಗ್ರಾಮ್ ಗ್ಲೈಕೊಜೆನ್ ತನ್ನೊಂದಿಗೆ ಸುಮಾರು ಮೂರು ಗ್ರಾಮ್ ನೀರನ್ನು ಹಿಡಿದುಕೊಂಡಿರುತ್ತದೆ.

ಹುಡುಗನ ಲೆಕ್ಕ ಹೀಗಾಯಿತು. ದಿನಕ್ಕೆ 600 ಕಿಲೊಕ್ಯಾಲರಿಯಂತೆ ಆರು ದಿನಕ್ಕೆ 3600 ಕೊರತೆ ಎಂದುಕೊಳ್ಳೋಣ. ಗಡಿಗೆಯಿಂದ 350 ಗ್ರಾಮ್ ಗ್ಲೈಕೊಜೆನ್ ಖಾಲಿಯಾಗಿದ್ದರೆ ಅದರಿಂದ ಬಂದದ್ದು 1400 ಕಿಲೊಕ್ಯಾಲರಿ. ಉಳಿದ 2200 ಹಗೇವಿನಿಂದ ಬಂದಿರಬೇಕು, ಅಂದರೆ 285 ಗ್ರಾಮ್ ಕೊಬ್ಬು. ಇನ್ನು ತೂಕ ನೋಡಿ: ಗ್ಲೈಕೊಜೆನ್ ಮತ್ತು ಅದರ ನೀರು ಸೇರಿ 1.4 ಕಿಲೊ, ಕೊಬ್ಬು ಸುಮಾರು 0.3 ಕಿಲೊ. ಮಿಕ್ಕ 1.3 ಕಿಲೊದಲ್ಲಿ ಹೆಚ್ಚಿನ ಪಾಲು ಉಪ್ಪಿನೊಡನೆ ಹೋದ ನೀರು. ಶರ್ಕರಪಿಷ್ಟ ತಿನ್ನುವುದು ನಿಂತಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚಾಗಿ ಹೊರಬಿಡುತ್ತವೆ, ನೀರು ಅದರ ಹಿಂದೆಯೇ ಹೋಗುತ್ತದೆ. ಸ್ವಲ್ಪ ಪಾಲು ಕರುಳಿನಲ್ಲಿ ಇರಬೇಕಾಗಿದ್ದ ಆಹಾರದ್ದು. ಮೂರು ಕಿಲೊದಲ್ಲಿ ಕೊಬ್ಬು ಮೂರು ನೂರು ಗ್ರಾಮಿಗೂ ಕಡಿಮೆ! ಹುಡುಗನ ಮುಖ ಸಪ್ಪಗಾಯಿತು.

ತಲೆಸುತ್ತಿನ ಕಾರಣವೂ ಬಹುಶಃ ಇಲ್ಲಿಯೇ ಇದೆ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಆಹಾರದ ಕಾರಣದಿಂದ ಉಪ್ಪು, ನೀರು ಎರಡೂ ಮೂತ್ರದಲ್ಲಿ ಹೋಗುತ್ತಿರುವಾಗ ಬೆವರಿನಲ್ಲಿಯೂ ಹೋದರೆ, ಅದರ ಮೇಲೆ ತಕ್ಕಡಿಗೆ ಹೆದರಿ ನೀರನ್ನೂ ಬಿಟ್ಟರೆ, ರಕ್ತದ ಒತ್ತಡ ಕುಸಿಯದೆ ಏನಾದೀತು? ತೂಕದ ವರ್ಗಗಳಿರುವ ಕ್ರೀಡೆಗಳಲ್ಲಿ ನೀರು ಇಳಿಸಿ ತೂಕ ಹೊಂದಿಸುವ ಪದ್ಧತಿ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕಿಲೊ ವರ್ಗದ ಫೈನಲ್ ತಲುಪಿದ್ದ ಕುಸ್ತಿಪಟು ವಿನೇಶ್ ಫೋಗಟ್ 100 ಗ್ರಾಮ್ ಹೆಚ್ಚಾಗಿ ಅನರ್ಹರಾದದ್ದು ಎಲ್ಲರಿಗೂ ನೆನಪಿದೆ. ಒಂದು ರಾತ್ರಿಯಲ್ಲಿ ಇಳಿಸಲು ಯತ್ನಿಸುವುದು ನೀರನ್ನೇ, ಕೊಬ್ಬನ್ನಲ್ಲ. ವರ್ಗವೂ ಇಲ್ಲದ, ಪಂದ್ಯವೂ ಇಲ್ಲದ ಭಂಕೂರಿನ ಹುಡುಗನಿಗೆ ಅದರ ಅಗತ್ಯವೇನಿತ್ತು?

ಕೀಟೋನ್ ಎಂಬ ಬದಲಿ ಇಂಧನ

ಮಿದುಳು ದಿನಕ್ಕೆ ಸುಮಾರು 120 ಗ್ರಾಮ್ ಗ್ಲೂಕೋಸ್ ಬಳಸುತ್ತದೆ. ಕೊಬ್ಬಿನ ಆಮ್ಲಗಳನ್ನು ಅದು ನೇರವಾಗಿ ಇಂಧನವಾಗಿ ಬಳಸಲಾರದು. ಶರ್ಕರಪಿಷ್ಟ ದಿನಕ್ಕೆ 50 ಗ್ರಾಮಿಗಿಂತ ಕಡಿಮೆಯಾದಾಗ ಯಕೃತ್ತು ಕೊಬ್ಬಿನ ಆಮ್ಲಗಳನ್ನು ಕತ್ತರಿಸಿ ಅಸಿಟೊಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಸಣ್ಣ ಅಣುಗಳನ್ನು ಮಾಡುತ್ತದೆ. ಇವೇ ಕೀಟೋನ್‌ಗಳು. ದೀರ್ಘ ಉಪವಾಸದಲ್ಲಿ ಮಿದುಳು ಇವುಗಳಿಂದಲೇ ಬಹುಪಾಲು ನಡೆಯುತ್ತದೆ ಎಂಬುದನ್ನು ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಈ ಸ್ಥಿತಿಯನ್ನು ಆಹಾರದಿಂದಲೇ ತರುವ ಕ್ರಮಕ್ಕೆ 'ಕೀಟೋಜೆನಿಕ್' ಎಂಬ ಹೆಸರು ಕೊಟ್ಟವರು ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್, 1921ರಲ್ಲಿ. ಉದ್ದೇಶ ಮೂರ್ಛೆರೋಗದ ಚಿಕಿತ್ಸೆ. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆಯಲ್ಲಿ ಇಂದಿಗೂ ವೈದ್ಯರ ಉಸ್ತುವಾರಿಯಲ್ಲಿ ಬಳಕೆಯಲ್ಲಿದೆ. ಮೈ ಇಳಿಸುವವರ ಕೈಗೆ ಬಂದದ್ದು ಆಮೇಲೆ. ವಾರದ ಕೊನೆಗೆ ಶರ್ಕರಪಿಷ್ಟ ತುಂಬುವ 'ಆವರ್ತ' ರೂಪವನ್ನು ದೇಹದಾರ್ಢ್ಯದವರಲ್ಲಿ ಜನಪ್ರಿಯಗೊಳಿಸಿದ್ದು ಮೌರೊ ಡಿ ಪಾಸ್ಕ್ವಾಲೆ, ಡಾನ್ ಡುಶೇನ್, ಲೈಲ್ ಮೆಕ್‌ಡೊನಾಲ್ಡ್ ಇವರ ಪುಸ್ತಕಗಳು. ಎಲ್ಲವೂ 1990ರ ದಶಕದವು.

ನಮ್ಮ ಊಟಕ್ಕೆ ಇದು ಎಷ್ಟು ದೂರ ಎಂಬುದನ್ನು ಒಂದು ರೊಟ್ಟಿಯಿಂದ ತಿಳಿಯಬಹುದು. ನೂರು ಗ್ರಾಮ್ ಜೋಳದಲ್ಲಿ ಸುಮಾರು 72 ಗ್ರಾಮ್ ಶರ್ಕರಪಿಷ್ಟ. ಎಪ್ಪತ್ತು ಗ್ರಾಮ್ ಹಿಟ್ಟಿನ ಒಂದು ದೊಡ್ಡ ರೊಟ್ಟಿ ತಿಂದರೆ 50 ಗ್ರಾಮ್ ಆಯಿತು, ದಿನದ ಪಾಲು ಮುಗಿಯಿತು. ತೊಗರಿಬೇಳೆ ಪ್ರೋಟೀನಿಗೆ ಒಳ್ಳೆಯದು, ನೂರು ಗ್ರಾಮಿನಲ್ಲಿ 22 ಗ್ರಾಮ್ ಇದೆ. ಆದರೆ ಅದರೊಂದಿಗೆ 57 ಗ್ರಾಮ್ ಶರ್ಕರಪಿಷ್ಟವೂ ಬರುತ್ತದೆ. ಹಾಗಾಗಿ ತೊಗರಿಯ ಕಣಜ ಎನಿಸಿದ ಜಿಲ್ಲೆಯಲ್ಲೇ ಹುಡುಗ ಬೇಳೆ ಬಿಡಬೇಕಾಯಿತು. 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯಂತೆ ಭಾರತೀಯರ ಆಹಾರಶಕ್ತಿಯಲ್ಲಿ ಶೇಕಡ 62ರಷ್ಟು ಶರ್ಕರಪಿಷ್ಟದಿಂದ ಬರುತ್ತದೆ. ಇದು ಹೆಚ್ಚಾಯಿತು ಎಂಬ ತಜ್ಞರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅರವತ್ತರಿಂದ ಐವತ್ತಕ್ಕೆ ಇಳಿಯುವುದು ಬೇರೆ, ಐದಕ್ಕೆ ಇಳಿಯುವುದು ಬೇರೆ.

ಕೊಬ್ಬು 'ಉರಿಯುವುದು' ಮತ್ತು ಕರಗುವುದು

ಕೀಟೋ ಪರವಾಗಿ ಹೇಳುವ ಮಾತೊಂದಿದೆ: "ದೇಹ ಕೊಬ್ಬನ್ನೇ ಉರಿಸುತ್ತದೆ." ಇದು ನಿಜ. ಉಸಿರಿನಿಂದಲೇ ಅಳೆಯಬಹುದು. ಗ್ಲೂಕೋಸಿನ ಒಂದು ಅಣು ಉರಿಯಲು ಆಕ್ಸಿಜನ್ನಿನ 6 ಅಣು ಬೇಕು, ಹೊರಬರುವ ಕಾರ್ಬನ್ ಡೈಆಕ್ಸೈಡ್ ಕೂಡ 6 ಅಣು, ಅನುಪಾತ 1. ಪಾಮಿಟಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲಕ್ಕೆ 23 ಅಣು ಆಕ್ಸಿಜನ್ ಬೇಕು, ಬರುವ ಕಾರ್ಬನ್ ಡೈಆಕ್ಸೈಡ್ 16; ಅನುಪಾತ ಸುಮಾರು 0.7. ಕೀಟೋ ಆಹಾರದಲ್ಲಿ ಇರುವವರ ಉಸಿರಿನ ಅನುಪಾತ 0.7ರ ಕಡೆಗೆ ಇಳಿಯುತ್ತದೆ. ಆದರೆ ಉರಿಯುತ್ತಿರುವುದು ಯಾವ ಕೊಬ್ಬು? ಬೆಳಗ್ಗೆ ತಿಂದ ಬೆಣ್ಣೆಯೋ, ಸೊಂಟದ ಸುತ್ತ ಇರುವುದೋ? ಉಸಿರಿಗೆ ಆ ಭೇದ ಗೊತ್ತಿಲ್ಲ. ಹಗೇವಿನ ಬಾಯಿಯಲ್ಲಿ ದಿನವೂ ಒಂದು ಚೀಲ ಸುರಿದು ದಿನವೂ ಒಂದು ಚೀಲ ತೆಗೆದರೆ ಓಡಾಟ ಜೋರಾಗಿರುತ್ತದೆ, ಜೋಳ ಅಷ್ಟೇ ಇರುತ್ತದೆ.

ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಹೆಚ್ಚು ತೂಕದ 17 ಗಂಡಸರನ್ನು ಎಂಟು ವಾರ ಸಂಶೋಧನಾ ವಾರ್ಡಿನಲ್ಲೇ ಇರಿಸಿ, ಮೊದಲ ನಾಲ್ಕು ವಾರ ಶರ್ಕರಪಿಷ್ಟ ಹೆಚ್ಚಿರುವ ಊಟ, ಮುಂದಿನ ನಾಲ್ಕು ವಾರ ಅಷ್ಟೇ ಕ್ಯಾಲರಿಯ, ಅಷ್ಟೇ ಪ್ರೋಟೀನಿನ ಕೀಟೋ ಊಟ ಕೊಟ್ಟರು. ಕೀಟೋ ಅವಧಿಯಲ್ಲಿ ಉಸಿರಾಟದ ಕೊಠಡಿಯಲ್ಲಿ ಅಳೆದ ದಿನದ ಶಕ್ತಿವ್ಯಯ 57 ಕಿಲೊಕ್ಯಾಲರಿಯಷ್ಟು ಹೆಚ್ಚಿತು. ದೇಹದ ಕೊಬ್ಬು ಕರಗುವ ವೇಗ ಮಾತ್ರ ಹೆಚ್ಚಲಿಲ್ಲ, ನಿಧಾನವಾಯಿತು. ಹಾಗೆಂದು ಕೀಟೋದಿಂದ ಯಾರೂ ಇಳಿಯುವುದಿಲ್ಲ ಎಂದಲ್ಲ. ಹಲವರಿಗೆ ಅದರಲ್ಲಿ ಹಸಿವು ಕಡಿಮೆಯಾಗುತ್ತದೆ, ತಿನ್ನುವುದು ಕಡಿಮೆಯಾಗುತ್ತದೆ, ಇಳಿಯುತ್ತಾರೆ.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ ಎಂದು ಕೇಳಿದರೆ 'ಬೆವರಾಗಿ' ಎನ್ನುವವರೇ ಬಹಳ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಮಾಡಿ ತೋರಿಸಿದಂತೆ ಹತ್ತು ಕಿಲೊ ಕೊಬ್ಬಿನಲ್ಲಿ 8.4 ಕಿಲೊ ಕಾರ್ಬನ್ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಹೋಗುತ್ತದೆ, 1.6 ಕಿಲೊ ಮಾತ್ರ ನೀರಾಗುತ್ತದೆ. ಮೀರ್ಮನ್ ಭೌತವಿಜ್ಞಾನ ಓದಿದವರು ಎಂದು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ.

ಕಲ್ಲಿನ ಲೆಕ್ಕ

ಈಗ ತಂದೆಯ ಪ್ರಶ್ನೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಇಂಚು ದಪ್ಪದ ಫರ್ಸಿ ಸುಮಾರು 25 ಕಿಲೊ ತೂಗುತ್ತದೆ. ಅದನ್ನು ಲಾರಿಗೆ ಹಾಕಲು 1.2 ಮೀಟರ್ ಎತ್ತಿದರೆ ಆಗುವ ಕಾರ್ಯ ಸುಮಾರು 294 ಜೂಲ್. ಸ್ನಾಯುವಿನ ದಕ್ಷತೆ ಐದರಲ್ಲಿ ಒಂದು ಪಾಲು ಎಂದುಕೊಂಡರೆ ಖರ್ಚು 1470 ಜೂಲ್, ಅಂದರೆ 0.35 ಕಿಲೊಕ್ಯಾಲರಿ. ಒಂದು ಗ್ರಾಮ್ ಕೊಬ್ಬಿನಲ್ಲಿ 9 ಕಿಲೊಕ್ಯಾಲರಿ ಇದೆಯಲ್ಲ? ಬಗ್ಗುವುದು, ನಡೆಯುವುದು ಬಿಟ್ಟು ಎತ್ತುವುದನ್ನಷ್ಟೇ ಹಿಡಿದರೆ, ಒಂದು ಗ್ರಾಮ್ ಕೊಬ್ಬಿಗೆ 25 ಫರ್ಸಿ! ಜಿಮ್‌ನಲ್ಲಿಯೂ ಅಷ್ಟೇ. ನೂರು ಕಿಲೊ ಭಾರವನ್ನು ಅರ್ಧ ಮೀಟರಿನಂತೆ ಹತ್ತು ಸಲ ಎತ್ತಿದರೆ ಸುಮಾರು 6 ಕಿಲೊಕ್ಯಾಲರಿ. ಆದ್ದರಿಂದ ಭಾರ ಎತ್ತುವುದು ಕೊಬ್ಬು ಕರಗಿಸುವ ದೊಡ್ಡ ಸಾಧನವಲ್ಲ. ಊಟ ಕಡಿಮೆಯಾದಾಗ ಸ್ನಾಯು ಕರಗದಂತೆ ಕಾಯುವುದು ಅದರ ಕೆಲಸ, ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಆದರೆ ಇಲ್ಲಿ ಶಕ್ತಿಯ ಮೊತ್ತಕ್ಕಿಂತ ಅದು ಬರುವ ವೇಗ, ಅಂದರೆ ಸಾಮರ್ಥ್ಯ, ಮುಖ್ಯ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೊ ವರ್ಗದ ಬೆಳ್ಳಿ ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕಿಲೊ ಎತ್ತಿದ್ದರು. ಭಾರ ಸುಮಾರು 1.6 ಮೀಟರ್ ಏರಿತೆಂದರೆ ಕಾರ್ಯ ಅರ್ಧ ಕಿಲೊಕ್ಯಾಲರಿ ಮಾತ್ರ. ಆದರೆ ಅದು ಕೆಲವೇ ಸೆಕೆಂಡುಗಳಲ್ಲಿ ಆಗಬೇಕು. ಅಷ್ಟು ಹೊತ್ತಿಗೆ ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಸಾಕು. ಇವು ಹತ್ತು ಸೆಕೆಂಡಿನ ಸರಕು. ಅರ್ಧ ನಿಮಿಷ, ಒಂದು ನಿಮಿಷ ಒಂದೇ ಸಮನೆ ಎತ್ತಿ ಇಳಿಸುವಾಗ ಗ್ಲೈಕೊಜೆನ್ ಬೇಕು, ಏಕೆಂದರೆ ಅದು ಆಕ್ಸಿಜನ್ನಿಗೆ ಕಾಯದೆ ಒಡೆಯಬಲ್ಲದು. ಕೊಬ್ಬಿಗೆ ಆಕ್ಸಿಜನ್ ಬೇಕೇ ಬೇಕು, ಅದರಿಂದ ಶಕ್ತಿ ನಿಧಾನವಾಗಿ ಬರುತ್ತದೆ. ಹಗೇವು ಎಷ್ಟು ದೊಡ್ಡದಿದ್ದರೇನು, ಅದರ ಬಾಯಿ ಚಿಕ್ಕದು. ಗುರುವಾರದ ಹೊತ್ತಿಗೆ ಹುಡುಗ ಒಂದು ಸಲದ ದೊಡ್ಡ ಭಾರವನ್ನು ಎತ್ತುತ್ತಿದ್ದ, ಹನ್ನೆರಡು ಸಲದ ಸಣ್ಣ ಭಾರದಲ್ಲಿ ಎಂಟಕ್ಕೇ ಸೋಲುತ್ತಿದ್ದ. ತಂದೆಯ ಮಾತು ಶರೀರವಿಜ್ಞಾನಕ್ಕೆ ಹತ್ತಿರವೇ ಇತ್ತು.

ಭಾನುವಾರದ ಊಟದ ಹಿಂದಿನ ತರ್ಕವೂ ಇದೇ: ಗಡಿಗೆಯನ್ನು ಮತ್ತೆ ತುಂಬುವುದು. ಇದಕ್ಕೆ ಸ್ವೀಡನ್ನಿನ ಒಂದು ಸೊಗಸಾದ ಪ್ರಯೋಗ ಆಧಾರ. 1966ರಲ್ಲಿ ಯೊನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ಒಂದೇ ವ್ಯಾಯಾಮ ಸೈಕಲ್ಲಿನ ಎರಡು ಬದಿಗೆ ಕುಳಿತು ಒಬ್ಬೊಬ್ಬರು ಒಂದೊಂದು ಕಾಲಿನಿಂದ ದಣಿಯುವವರೆಗೆ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ಆಮೇಲೆ ಮೂರು ದಿನ ಶರ್ಕರಪಿಷ್ಟ ತುಂಬಿದ ಊಟ ಮಾಡಿ, ಸೂಜಿಯಿಂದ ತಮ್ಮ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಊಟ ಒಂದೇ, ರಕ್ತ ಒಂದೇ. ಆದರೂ ದಣಿದ ಕಾಲಿನಲ್ಲಿ ಗ್ಲೈಕೊಜೆನ್ ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು ಸೇರಿತ್ತು. ಖಾಲಿಯಾದ ಸ್ನಾಯು ಮೊದಲಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ. ಕೀಟೋ ಆಹಾರಕ್ಕೆ ಇಲ್ಲಿ ಪಾತ್ರವೇ ಇರಲಿಲ್ಲ ಎಂಬುದನ್ನು ಗಮನಿಸಿ. ವ್ಯಾಯಾಮ ಖಾಲಿ ಮಾಡಿತು, ಅನ್ನ ತುಂಬಿತು.

ಸೋಮವಾರ ವಾಪಸ್ ಬಂದ ಎರಡು ಕಿಲೊ ಏನೆಂಬುದು ಈಗ ಸ್ಪಷ್ಟ. ಗಡಿಗೆ ತುಂಬಿತು, ನೀರು ಬಂತು, ಉಪ್ಪು ಬಂತು. ಗಾಬರಿಪಡುವಂಥದ್ದು ಏನೂ ಇರಲಿಲ್ಲ.

ಜಿಮ್‌ನಲ್ಲಿ 'ಕೊಬ್ಬು ಅಳೆಯುವ' ಯಂತ್ರವೂ ಇತ್ತು. ಅದು ಇನ್ನೂ ಸ್ವಾರಸ್ಯ: ಅದೇ ಸೋಮವಾರ ಹುಡುಗನಿಗೆ ಎರಡು ಕಿಲೊ ಸ್ನಾಯು ಬೆಳೆದಿದೆ ಎಂದು ತೋರಿಸಿತ್ತು. ಒಂದು ದಿನದಲ್ಲಿ! ಇಂಥ ಯಂತ್ರ ಪಾದಗಳ ಮೂಲಕ ಅತ್ಯಲ್ಪ ಪರ್ಯಾಯ ವಿದ್ಯುತ್ತನ್ನು, ಸಾಮಾನ್ಯವಾಗಿ 50 ಕಿಲೊಹರ್ಟ್ಸ್ ಆವೃತ್ತಿಯಲ್ಲಿ, ಹರಿಸಿ ದೇಹದ ವಿದ್ಯುತ್ ರೋಧವನ್ನು ಅಳೆಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಕೊಬ್ಬು ಹರಿಯಗೊಡುವುದಿಲ್ಲ. ರೋಧದಿಂದ ದೇಹದ ನೀರನ್ನು ಊಹಿಸಿ, ಕೊಬ್ಬಿಲ್ಲದ ದೇಹದಲ್ಲಿ ಶೇಕಡ 73 ನೀರೆಂದು ಭಾವಿಸಿ, ಉಳಿದದ್ದನ್ನು ಕೊಬ್ಬು ಎನ್ನುತ್ತದೆ. ಒಂದೂವರೆ ಕಿಲೊ ನೀರು ಹೆಚ್ಚಿದರೆ ಅದನ್ನು 0.73ರಿಂದ ಭಾಗಿಸಿ 2.05 ಕಿಲೊ 'ಸ್ನಾಯು' ಎಂದು ಬರೆಯುತ್ತದೆ. ಯಂತ್ರ ಕೆಟ್ಟಿಲ್ಲ. ಅದು ನಂಬಿರುವ ಶೇಕಡ 73 ಆ ದಿನ ನಿಜವಲ್ಲ, ಅಷ್ಟೇ.

ವಾರದ ಮೊತ್ತ

ಏಳು ದಿನದ ಖಾತೆ ನೋಡೋಣ. ಆರು ದಿನದ ಕೊರತೆ 3600. ಭಾನುವಾರ ಗಡಿಗೆ ತುಂಬಲು ಖರ್ಚಿಗಿಂತ ಹೆಚ್ಚಾಗಿ 1400 ತಿಂದರೆ ವಾರಕ್ಕೆ ಉಳಿಯುವ ಕೊರತೆ 2200. ಅದೇ 285 ಗ್ರಾಮ್ ಕೊಬ್ಬು. ಮದುವೆ, ಜಾತ್ರೆ ಎಂದು ಹಬ್ಬದೂಟ ಶನಿವಾರವೇ ಶುರುವಾದರೆ? ಐದು ದಿನದ ಕೊರತೆ 3000, ಎರಡು ದಿನದ ಹೆಚ್ಚುವರಿ 2800. ಉಳಿದದ್ದು 200 ಕಿಲೊಕ್ಯಾಲರಿ, ಇಪ್ಪತ್ತೈದು ಗ್ರಾಮ್ ಕೊಬ್ಬು. ಐದು ದಿನದ ಕಷ್ಟ ಎರಡು ದಿನದಲ್ಲಿ ತೊಳೆದುಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಭಾನುವಾರದ ಊಟದಿಂದ ಕೀಟೋನ್ ತಯಾರಿ ನಿಲ್ಲುತ್ತದೆ, ಮತ್ತೆ ಏರಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ವಾರದಲ್ಲಿ ನಿಜವಾಗಿ 'ಕೀಟೋ' ಇರುವುದು ಮೂರ್ನಾಲ್ಕು ದಿನ.

ಈ ಪದ್ಧತಿಯನ್ನೇ ನೇರವಾಗಿ ಪರೀಕ್ಷಿಸಿದ ಅಧ್ಯಯನಗಳು ಕಡಿಮೆ. 2020ರಲ್ಲಿ ಝೆಕ್ ಸಂಶೋಧಕರು ವ್ಯಾಯಾಮ ಮಾಡುವ 25 ಆರೋಗ್ಯವಂತ ಯುವಕರನ್ನು ಎರಡು ಗುಂಪು ಮಾಡಿ ಎಂಟು ವಾರ ನೋಡಿದರು. ಒಂದು ಗುಂಪಿಗೆ ಐದು ದಿನ ಕೀಟೋ, ಎರಡು ದಿನ ಶರ್ಕರಪಿಷ್ಟ. ಇನ್ನೊಂದಕ್ಕೆ ಎಲ್ಲವೂ ಇರುವ, ಪ್ರಮಾಣ ಕಡಿಮೆಯಾದ ಊಟ. ಕೊಬ್ಬು ಎರಡರಲ್ಲೂ ಇಳಿಯಿತು. ಆವರ್ತ ಕೀಟೋ ಗುಂಪಿನಲ್ಲಿ ಕೊಬ್ಬುರಹಿತ ರಾಶಿ ಮತ್ತು ದೇಹದ ನೀರು ಕೂಡ ಇಳಿದವು, ಬಲ ಇದ್ದಷ್ಟೇ ಇತ್ತು. ಸಮತೋಲ ಊಟದವರಲ್ಲಿ ಬಲ ಪರೀಕ್ಷೆಯ ಕೆಲವು ಅಂಕಗಳು ಹೆಚ್ಚಿದವು. ಚಿಕ್ಕ ಅಧ್ಯಯನ, ನಿಜ. ಆದರೆ ನಮ್ಮ ಕಾಗದದ ಲೆಕ್ಕಕ್ಕೆ ಇದು ವಿರುದ್ಧವಾಗಿಲ್ಲ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಡಾಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳೊಂದಿಗೆ ಶರ್ಕರಪಿಷ್ಟ ಬಿಟ್ಟರೆ ರಕ್ತದ ಸಕ್ಕರೆ ಹೆಚ್ಚಾಗದೆಯೇ ರಕ್ತ ಆಮ್ಲೀಯವಾಗುವ ಅಪಾಯಸ್ಥಿತಿ ಬರಬಹುದು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆಯವರು ಕೂಡ ದೂರವಿರಬೇಕು. ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಬಹಳ ಏರುತ್ತದೆ.

ಇಷ್ಟಾದರೂ ಆವರ್ತ ಪದ್ಧತಿಯನ್ನೇ ಮಾಡುತ್ತೇನೆ ಎನ್ನುವ ಆರೋಗ್ಯವಂತರಿಗೆ ಅಳತೆಯ ಬಗ್ಗೆ ಒಂದು ಮಾತು. ಏರಿಳಿಯುವ ತರಂಗವನ್ನು ಮನಬಂದ ಕ್ಷಣಗಳಲ್ಲಿ ಅಳೆದರೆ ಏನೂ ತಿಳಿಯದು; ಪ್ರತಿ ಆವರ್ತದಲ್ಲಿ ಒಂದೇ ಹಂತದಲ್ಲಿ ಅಳೆಯಬೇಕು. ಶನಿವಾರ ಬೆಳಗ್ಗೆ, ಶೌಚದ ನಂತರ, ತಿನ್ನುವ ಮೊದಲು ತೂಗಿ, ಶನಿವಾರವನ್ನು ಶನಿವಾರದೊಂದಿಗೇ ಹೋಲಿಸಿ. ದರ್ಜಿಯ ಟೇಪಿನಿಂದ ಸೊಂಟವನ್ನೂ ಅಳೆಯಿರಿ. ಮೊದಲ ವಾರದ ಅಂಕಿಯನ್ನು ಹೊಡೆದುಹಾಕಿ.

ಹುಡುಗನಿಗೆ ಕೊನೆಯಲ್ಲಿ ಒಂದು ಭಾಗಾಕಾರ ಮಾಡಿಸಿದೆ. ವಾರಕ್ಕೆ 2200 ಕಿಲೊಕ್ಯಾಲರಿ ಕೊರತೆಯನ್ನು ಏಳಕ್ಕೆ ಭಾಗಿಸಿದರೆ ದಿನಕ್ಕೆ 314. ಎಪ್ಪತ್ತು ಗ್ರಾಮ್ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 245. ಅಂದರೆ ದಿನಕ್ಕೆ ಒಂದೂಕಾಲು ರೊಟ್ಟಿ ಕಡಿಮೆ ತಿಂದರೆ ಕೊಬ್ಬಿನ ಮಟ್ಟಿಗೆ ಅಷ್ಟೇ ಫಲ. ಬೇಳೆ, ತತ್ತಿ, ಮೊಸರು ಹೆಚ್ಚಿಸಿ ಪ್ರೋಟೀನ್ ನೋಡಿಕೊಳ್ಳಬೇಕು. ಭಾರ ಎತ್ತುವವರಿಗೆ ಕಿಲೊ ತೂಕಕ್ಕೆ ದಿನಕ್ಕೆ 1.6 ಗ್ರಾಮ್ ವರೆಗೆ ಉಪಯೋಗ ಕಾಣುತ್ತದೆ ಎಂದು 2018ರ ಒಂದು ಸಮಗ್ರ ವಿಶ್ಲೇಷಣೆ ಹೇಳಿದೆ. ಗಡಿಗೆ ಖಾಲಿಯಾಗದ ಕಾರಣ ಹನ್ನೆರಡನೆಯ ಎತ್ತೂ ಕೈಗೆ ಬರುತ್ತದೆ, ನೀರು ಬಿಡುವ ಪ್ರಮೇಯವೂ ಇಲ್ಲ.

ದಿನಕ್ಕೆ ಐದು ರೊಟ್ಟಿ ತಿನ್ನುತ್ತಿದ್ದವನು ಈಗ ಮೂರೂಮುಕ್ಕಾಲಕ್ಕೆ ಬಂದಿದ್ದಾನೆ. ಶನಿವಾರ ಮಾತ್ರ ತೂಗುತ್ತಾನೆ. ಮುರಿದಿಟ್ಟ ಆ ಕಾಲು ರೊಟ್ಟಿ ಯಾರು ತಿನ್ನಬೇಕು ಎಂದು ಅವನ ತಾಯಿ ಕೇಳಿದರಂತೆ. ತಂದೆ ಬುತ್ತಿಗೆ ಕಟ್ಟಿಸಿಕೊಂಡು ಗಣಿಗೆ ಒಯ್ಯುತ್ತಾರೆ.